ರತ್ನಮ್ಮನವರ ಖಾಲಿ ಚೌಕಗಳು

ಗುರುತಿಲ್ಲದ ಮನುಷ್ಯರನ್ನು ಮಾತಾಡಿಸುವುದಕ್ಕಿಂತ ಗುರುತಿಲ್ಲದ ಫೈಲನ್ನು ತೆರೆಯುವುದು ನನಗೆ ಸುಲಭ. ಫೈಲು ಯಾವೂರು ಎಂದು ಕೇಳುವುದಿಲ್ಲ, ಮದುವೆಯ ವಿಚಾರ ಎತ್ತುವುದಿಲ್ಲ. ಈ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸವೂ ಸಿಕ್ಕಿದೆ. ಪೀಣ್ಯದಲ್ಲಿ ಪಂಪಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಮಾಹಿತಿ ಒಟ್ಟುಗೂಡಿಸುವವಳು. ಯಂತ್ರಗಳು ತಾವಾಗಿ ಬರೆದಿಡುವ ಫೈಲು, ಉಗ್ರಾಣದ ಎಕ್ಸೆಲ್ ಹಾಳೆ, ಭಾಗಗಳನ್ನು ಅಳೆದು ನೋಡುವ ಕ್ಯೂಸಿ ಕೋಣೆಯ ಇನ್ನೊಂದು ಹಾಳೆ, ಇವೆಲ್ಲವನ್ನೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಒಂದು ಸ್ಕ್ರಿಪ್ಟ್ ಪ್ರತಿದಿನ ಓದಿ ಒಂದೇ ಪಟ್ಟಿಯಾಗಿ ಜೋಡಿಸುತ್ತದೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ, ಏಕೆಂದರೆ ಮುಂದೆ ಹೇಳಲಿರುವುದು ನನ್ನ ತಪ್ಪಿನ ಕಥೆ.

ಬೇರೆ ಬೇರೆ ಕಡೆಯಿಂದ ಬರುವ ಮಾಹಿತಿ, ಸಮಾರಂಭಕ್ಕೆಂದು ನಾಲ್ಕು ಮನೆಗಳಿಂದ ಎರವಲು ತಂದ ಪಾತ್ರೆಗಳ ಹಾಗೆ. ಒಬ್ಬರು ಹೆಸರನ್ನು ಕಂಠದ ಮೇಲೆ ಕೆತ್ತಿಸಿರುತ್ತಾರೆ, ಒಬ್ಬರು ತಳದಲ್ಲಿ. ಮತ್ತೊಬ್ಬರು ಕೆತ್ತಿಸಿಯೇ ಇರುವುದಿಲ್ಲ. ನಮ್ಮ ಪಾತ್ರೆ ಯಾರಿಗೆ ಗೊತ್ತಿಲ್ಲ ಎಂಬ ಧೈರ್ಯ. ಯಂತ್ರದ ಫೈಲಿನಲ್ಲಿ ಎರಡು ಸಂಗತಿಗಳ ನಡುವೆ ಅಲ್ಪವಿರಾಮವಿರುತ್ತದೆ. ಅದೇ ನಿಯಮವನ್ನು ವಿಳಾಸಗಳ ಪಟ್ಟಿಗೂ ಅನ್ವಯಿಸಿದ ದಿನ, ಯಾರದೋ ಮನೆಯ ರಾಜಗೋಪಾಲನಗರ ಎದ್ದು ಹೋಗಿ ಫೋನ್ ನಂಬರಿನ ಜಾಗದಲ್ಲಿ ಕುಳಿತಿತ್ತು. ಸೊನ್ನೆಯಿಂದ ಶುರುವಾಗುವ ಬಿಡಿಭಾಗದ ಸಂಖ್ಯೆಗಳು ಸೊನ್ನೆ ಕಳೆದುಕೊಂಡು ಅನಾಥವಾಗಿದ್ದೂ ಉಂಟು. ಇವುಗಳಿಂದ ಪಾಠ ಕಲಿತೆ. ಕಲಿತೆನೆಂದು ನಂಬಿದ್ದೆ ಕೂಡ.

ರತ್ನಮ್ಮನವರು ಕ್ಯೂಸಿ ಕೋಣೆಯವರು. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅವರ ಮನೆತನ ಅಲ್ಲೇ ಇದೆಯಂತೆ. ಮೈಕ್ರೋಮೀಟರಿನಲ್ಲಿ ಒಂದೊಂದೇ ಭಾಗ ಅಳೆದು ಹಾಳೆಗೆ ತುಂಬಿಸುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದಾರೆ. ನನ್ನ ಸ್ಕ್ರಿಪ್ಟಿನ ಮೊದಲ ತಿಂಗಳ ವರದಿಯಲ್ಲಿ ಅವರ ಹೆಸರಿನ ಎದುರು ಬಂದ ಸಂಖ್ಯೆ ನೋಡಿ ಮ್ಯಾನೇಜರ್ ಪ್ರಕಾಶ್ ಸಾರ್ ಹುಬ್ಬೇರಿಸಿದರು.

"ಇಪ್ಪತ್ತು ಪೀಸ್ ಕೊಟ್ರೆ ಒಂದು ಅಳೆದಿದಾರೆ ನೋಡಿ. ವಯಸ್ಸಾಯ್ತು ಅನ್ಸುತ್ತೆ. ಸೋಮವಾರದಿಂದ ಪ್ಯಾಕಿಂಗ್‌ಗೆ ಹಾಕ್ಬಿಡೋಣ."

ಅಂದು ಶುಕ್ರವಾರ. ವರದಿ ನನ್ನದು, ಆದ್ದರಿಂದ ತೀರ್ಪೂ ಅರ್ಧ ನನ್ನದೇ. ಜಾಗಕ್ಕೆ ಬಂದು ಸಂಖ್ಯೆಗಳನ್ನು ಮತ್ತೆ ನೋಡಿದೆ. ಇಪ್ಪತ್ತು ಭಾಗಗಳ ಪ್ರತಿ ಪೆಟ್ಟಿಗೆಯಲ್ಲೂ ಮೊದಲನೆಯದನ್ನು ತಪ್ಪದೆ ಅಳೆದಿದ್ದಾರೆ, ಉಳಿದವನ್ನು ತಪ್ಪದೆ ಬಿಟ್ಟಿದ್ದಾರೆ. ನಾನೂ ಸೋಮಾರಿಯಾಗಿ ನೋಡಿದ್ದೇನೆ. ಸೋಮಾರಿತನ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಮೂಲ ಹಾಳೆ ತೆರೆದರೆ ಇಪ್ಪತ್ತೂ ಅಳತೆಗಳು ಅಲ್ಲಿದ್ದವು. ಆದರೆ ಯಾವ ಪೆಟ್ಟಿಗೆ, ಯಾವ ಮೈಕ್ರೋಮೀಟರ್ ಎಂಬ ಚೌಕಗಳು ಮೊದಲ ಸಾಲಿನಲ್ಲಿ ಮಾತ್ರ ತುಂಬಿದ್ದವು, ಕೆಳಗೆಲ್ಲ ಖಾಲಿ. ಅಪೂರ್ಣ ಸಾಲುಗಳನ್ನು ತೆಗೆದುಹಾಕು ಎಂದು ಸ್ಕ್ರಿಪ್ಟಿಗೆ ಹೇಳಿದವಳು ನಾನೇ.

ಅದರ ಅರ್ಥವನ್ನು ಊಹಿಸಬಹುದಿತ್ತು. ಆದರೆ ಊಹಿಸಿಯೇ ಇಲ್ಲಿಯವರೆಗೆ ಬಂದದ್ದು. ಊಟದ ಹೊತ್ತಿಗೆ ಹಾಳೆಯನ್ನು ಪ್ರಿಂಟ್ ತೆಗೆದುಕೊಂಡು ಕೆಳಗಿಳಿದೆ. ಅದೇ ಕಟ್ಟಡದಲ್ಲಿ ಒಂದು ವರ್ಷವಿದ್ದೂ ಕ್ಯೂಸಿ ಕೋಣೆಯ ಬಾಗಿಲು ದಾಟಿರಲಿಲ್ಲ. ರತ್ನಮ್ಮ ಡಬ್ಬಿ ಬಿಚ್ಚುತ್ತಿದ್ದರು. ಖಾಲಿ ಚೌಕಗಳ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದೆ.

"ಮೈಕ್ರೋಮೀಟರ್ ಬದಲಾದ್ರೆ ನಂಬರ್ ಬರೀತೀನಿ ಮೇಡಂ. ಬದಲಾಗ್ದೆ ಇದ್ರೆ ಏನಂತ ಬರೀಲಿ? ಮೇಲಿರೋದೇ ಕೆಳಗೂ," ಎಂದವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು. "ನಿಮ್ ಕಂಪ್ಯೂಟರ್‌ಗೆ ತಲೆ ಎತ್ತಿ ಮೇಲೆ ನೋಡಕ್ಕೆ ಬರಾಕಿಲ್ವಾ?"

ಬರುವುದಿಲ್ಲ, ಯಾರಾದರೂ ಹೇಳಿಕೊಡದ ಹೊರತು. ನಮ್ಮಜ್ಜಿಯ ದೇವರನಾಮದ ಪುಸ್ತಕದಲ್ಲಿ ಪಲ್ಲವಿಯನ್ನು ಒಂದು ಸಲ ಪೂರ್ತಿ ಬರೆದು, ಆಮೇಲೆ ಪ್ರತಿ ಚರಣದ ಕೊನೆಗೆ ಎರಡು ಗೆರೆಗಳ ನಡುವೆ ಬರೀ 'ಪ' ಎಂದು ಇಟ್ಟಿರುತ್ತಿದ್ದರು. ಹಾಡುವವರೆಲ್ಲ ತಾವಾಗಿ ಮೇಲಕ್ಕೆ ಹೋಗಿ ಪಲ್ಲವಿ ಹಿಡಿದು ಬರುತ್ತಿದ್ದರು. ನನ್ನ ಸ್ಕ್ರಿಪ್ಟನ್ನು ಆ ಭಜನೆಗೆ ಕೂರಿಸಿದ್ದರೆ ದೇವರನ್ನು ಒಂದೇ ಸಲ ಕರೆದು, ಉಳಿದ ಚರಣಗಳಲ್ಲಿ 'ಪ' ಎಂದಷ್ಟೇ ಹೇಳಿ ಎದ್ದುಬಿಡುತ್ತಿತ್ತು. ಹಳೆಯ ಶಾಸನಗಳಲ್ಲಿಯೂ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲವಂತೆ. ಬರೆಯುವವರು ಓದುವವರನ್ನು ಅಷ್ಟು ನಂಬಿದ್ದರು. ರತ್ನಮ್ಮನವರು ನಂಬಿದ್ದೂ ಹಾಗೆಯೇ, ಓದುವವಳು ನಾನೆಂದು ತಿಳಿಯದೆ.

ಸರಿಪಡಿಸಲು ಒಂದೇ ಸಾಲು ಸಾಕಾಯಿತು: ಖಾಲಿಯಿದ್ದರೆ ಮೇಲಿನದನ್ನು ಕೆಳಗಿಳಿಸು. ಅಳತೆಯ ಅಂಕಣವನ್ನು ಮಾತ್ರ ಅದರಿಂದ ಹೊರಗಿಟ್ಟೆ, ಅಲ್ಲಿ ಖಾಲಿ ಎಂದರೆ ನಿಜವಾಗಿಯೂ ಅಳೆದಿಲ್ಲ. ಅಂಥದ್ದು ಇಡೀ ತಿಂಗಳಿನಲ್ಲಿ ಒಂದೇ ಒಂದಿತ್ತು. ಮತ್ತೆ ಕೆಳಗೆ ಹೋಗಿ ಕೇಳಿದೆ. ಆ ಪೀಸ್ ಕೈಜಾರಿ ಬಿದ್ದಿತ್ತಂತೆ. ಬಿದ್ದದ್ದನ್ನು ಅಳೆಯಬಾರದೆಂದು ಪಕ್ಕಕ್ಕೆ ಹಾಕಿದ್ದರಂತೆ.

ಕೋಡ್ ತಿದ್ದುವುದು ಎರಡು ನಿಮಿಷದ ಕೆಲಸ. ಮ್ಯಾನೇಜರರ ಬಾಗಿಲು ತಟ್ಟಲು ಹತ್ತು ನಿಮಿಷ ಬೇಕಾಯಿತು.

"ತಪ್ಪು ನನ್ನದು ಸಾರ್, ಅವರದಲ್ಲ," ಎಂದು ಹೊಸ ವರದಿಯನ್ನು ಮೇಜಿನ ಮೇಲಿಟ್ಟೆ.

ಪ್ರಕಾಶ್ ಸಾರ್ ಸಾಲು ಸಾಲಾಗಿ ಓದಿದರು. "ಹಂಗಾದ್ರೆ ಪ್ಯಾಕಿಂಗ್‌ಗೆ ನಿಮ್ಮನ್ನ ಹಾಕ್ಬೇಕಾಗುತ್ತೆ," ಎಂದು ನಕ್ಕು, ಹಳೆಯ ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು. ಸೋಮವಾರ ರತ್ನಮ್ಮ ತಮ್ಮ ಕುರ್ಚಿಯಲ್ಲೇ ಇದ್ದರು. ಅದು ಅಲುಗಾಡಿತ್ತೆಂಬುದನ್ನು ನಾನೇ ಅವರಿಗೆ ಹೇಳಿದೆ. ಅವರು ಮುಚ್ಚಳ ತೆಗೆದು, "ಬಂದು ಕೇಳಿದ್ಯಲ್ಲ, ಬುಡು. ತಿನ್ನಮ್ಮ, ಉಸ್ಲಿ ಐತೆ," ಎಂದು ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಈಗ ಹೊಸ ಹಾಳೆ ಬಂದರೆ ಸ್ಕ್ರಿಪ್ಟಿಗಿಂತ ಮೊದಲು ಅದನ್ನು ತುಂಬಿದವರ ಬಳಿ ಹೋಗುತ್ತೇನೆ. ಮಧ್ಯಾಹ್ನದ ಊಟ ಕ್ಯೂಸಿ ಕೋಣೆಯಲ್ಲಿ. ರತ್ನಮ್ಮ ಆಮೇಲೆ ಒಂದು ದಿನವೂ ತಿನ್ನು ಎಂದು ಹೇಳಿಲ್ಲ. ಡಬ್ಬಿ ಮಾತ್ರ ಈ ಕಡೆ ಸರಿಯುತ್ತದೆ, ನಾನು ಕೈಹಾಕುತ್ತೇನೆ. ನಾವಿಬ್ಬರೂ ಮಾತು ಕಡಿಮೆಯವರು. ನಮ್ಮ ಊಟದ ಹೊತ್ತನ್ನು ಯಾರಾದರೂ ಪಟ್ಟಿ ಮಾಡಹೊರಟರೆ, ಮೊದಲ ದಿನದ ಕೆಳಗೆ ಬರೀ ಖಾಲಿ ಚೌಕಗಳು ಸಿಗುತ್ತವೆ. ಅವನ್ನು ತೆಗೆದುಹಾಕುವ ಮುಂಚೆ ಒಮ್ಮೆ ತಲೆ ಎತ್ತಿ ಮೇಲೆ ನೋಡಲಿ.