ತುಗಿರಾನನ ಹೆಸರು ಭಾರವಾದದ್ದು

ಕ್ಲಾಟೆನ್ ಪೇಟೆಯಲ್ಲಿ ಎಲ್ಲರೂ ಬು, ಅಂದರೆ ಅಮ್ಮ, ಎನ್ನುವ ಕಸ್ಮಿರಾ ಅವರ ಪ್ರೆಸ್ಸಿಗೆ ಮದುವೆ ಕರೆಯೋಲೆ ಬರೆಯುವವನು ತುಗಿರಾನ್. ಅವನು ಬಿಡಿಸಿದ ಜೋಡಿ ಹಕ್ಕಿಯಿಲ್ಲದ ಓಲೆ ಬಂದರೆ ಸುತ್ತಲಿನ ಹಳ್ಳಿಯವರು ಊಟವೂ ಅಷ್ಟಕ್ಕಷ್ಟೇ ಇರುತ್ತದೆಂದು ತಿಳಿಯುತ್ತಿದ್ದರು. ಮಾತಿನಲ್ಲಿ ಬೆಣ್ಣೆ, ಆದರೆ ತನ್ನ ಚಿತ್ರವನ್ನು ಇನ್ನೊಬ್ಬರು ಮುಟ್ಟಿದರೆ ಬೆಕ್ಕಿನ ಹಾಗೆ ಉಗುರು ತೆಗೆಯುವವನು.

ಅವನ ಹಳೆಯ ಕಂಪ್ಯೂಟರು ಹೊಗೆ ಉಗುಳಿ ಸತ್ತಿತು. ರಿಪೇರಿಯ ಸುದಿಬ್ಯ ಬೇರೆ ಜಾತಿಯ ತಂತ್ರಾಂಶದ ಹೊಸದೊಂದನ್ನು ತಂದು ಕೂರಿಸಿ ಹೋದ. ಚಿತ್ರಗಳಿಗೆ ಏನೂ ಆಗಿರಲಿಲ್ಲ. ಎಲ್ಲರ ಕೆಲಸವೂ ಮೂಲೆಯಲ್ಲಿ ಗುಂಯ್‌ಗುಡುವ ಸರ್ವರ್ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಮರುದಿನ ಬೆಳಿಗ್ಗೆಯೇ, ಮಗಳ ಮದುವೆಯ ಓಲೆ ಬರೆಸಿದ್ದ ಊರ ಮುಖ್ಯಸ್ಥರ ಕಡೆಯವನು ಬಂದ. "ಹಿರಿಯರು ದಿನ ಎಣಿಸಿ ನೋಡಿದ್ರು. ಶನಿವಾರ ಹುಡುಗಿಗೆ ಆಗಿಬರಲ್ವಂತೆ, ಓಲೇಲಿ ಭಾನುವಾರ ಅಂತ ಮಾಡಿ. ಮಧ್ಯಾಹ್ನಕ್ಕೆ ಓಲೆ ಕೈಗೆ ಬರ್ಲಿಲ್ಲ ಅಂದ್ರೆ ಎದುರು ಪ್ರೆಸ್ಸಿಗೆ ಕೊಡ್ತೀವಿ" ಎಂದು ಬೆಂಚಿನ ಮೇಲೆ ಕೂತುಬಿಟ್ಟ.

ಒಂದು ದಿನದ ಹೆಸರು ತಿದ್ದುವುದು ಎಷ್ಟರ ಕೆಲಸ? ತುಗಿರಾನ್ ಚಿತ್ರ ತೆರೆದ. ಹಕ್ಕಿಗಳು ಕಂಡವು. ತಿದ್ದಲು ಹೋದರೆ, ನಿನಗೆ ಅನುಮತಿಯಿಲ್ಲ ಎಂದಿತು ಯಂತ್ರ. ಕೆಳಗೆ ಬರೆದಿತ್ತು: ಚಿತ್ರದ ಒಡೆಯರು, ರುಮಿಯಾತಿ.

ರುಮಿಯಾತಿ ಪ್ರೆಸ್ಸಿನಲ್ಲಿ ಬಿಲ್ಲು ಬರೆಯುವವಳು. ಕೋಳಿಗೂ ಬಾತಿಗೂ ವ್ಯತ್ಯಾಸ ಕಾಣುವಂತೆ ಗೆರೆ ಎಳೆಯಲು ಬಾರದವಳು.

"ಅಯ್ಯೋ ಪಾಕ್, ಇಷ್ಟು ದಿನ ಇವೆಲ್ಲ ನಾನೇ ಬರೆದಿದ್ದಾ? ನಂಗೇ ಗೊತ್ತಿರ್ಲಿಲ್ಲ ನೋಡಿ!" ಎಂದು, ಹಿರಿಯರಿಗೆ ಹೇಳುವ ಪಾಕ್ ಬಿಡದೆಯೇ, ನಕ್ಕಳು.

"ನಗಬೇಡ ಕಣೇ ತಾಯಿ, ಹೊಟ್ಟೆ ಉರೀತಿದೆ" ಎಂದ ತುಗಿರಾನ್.

ಬು ಕಸ್ಮಿರಾ ಕನ್ನಡಕ ಏರಿಸಿ ಪರದೆ ನೋಡಿದರು. ಹೊಸ ಯಂತ್ರಕ್ಕೆ ಅವನು ಬರೆಸಿದ್ದ ಹೆಸರು ತುಗಿರಾನ್ ಪ್ರವೀರೋಹಾದಿಕುಸುಮೋ. ಉದ್ದದ ಬಾಲ ಮದುವೆಯಲ್ಲಿ ಮಾವ ಇಟ್ಟದ್ದು.

"ಇದಕ್ಕೇ ಆಗಿರೋದು! ಹೆಸರು ಭಾರವಾಗಿದೆ. ನನ್ನ ತಮ್ಮ ಚಿಕ್ಕೋನಿದ್ದಾಗ ಹೀಗೇ ನರಳ್ತಿದ್ದ, ಹಗುರದ ಹೆಸರಿಟ್ಟ ಮೇಲೆ ಎದ್ದು ಓಡಾಡಿದ. ಯಂತ್ರಕ್ಕೆ ಇನ್ನೂ ಎಳೇ ವಯಸ್ಸು, ತಡ್ಕೊಳ್ಳುತ್ತಾ?"

ಹೆಸರು ಬದಲಿಸುವಾಗ ಮಾಡುವ ಕೆಂಪು ಬಿಳಿ ಗಂಜಿ ಬೇಯಿಸಿದರು, ಯಂತ್ರದ ಮುಂದಿಟ್ಟು ಪ್ರಾರ್ಥನೆ ಹೇಳಿದರು. ರುಮಿಯಾತಿ ಗುಂಡಿ ಒತ್ತಿ ತುಗಿರಾನನನ್ನು ತೆಮೊನ್ ಮಾಡಿದಳು. ಬೆಂಚಿನವನೂ ಒಂದು ಬಟ್ಟಲು ತಿಂದು, "ಹೆಸರು ಒಪ್ಪುತ್ತೆ" ಎಂದ. ಯಂತ್ರ ಮಾತ್ರ ತೆಮೊನನಿಗೂ ಅನುಮತಿಯಿಲ್ಲ ಎಂದಿತು.

ಕೊನೆಗೆ ಸುದಿಬ್ಯನಿಗೆ ಫೋನು ಮಾಡಿದರು. ಅವನು ಮಾವನ ಊರಿನಲ್ಲಿ ಸಮಾರಂಭದ ನಡುವೆ ಸಿಕ್ಕಿದ.

"ಬು, ಹೆಸರು ಏನಾದ್ರೂ ಇಡಿ, ಪೆಟ್ಟಿಗೆ ಈಗ ಹೆಸರು ಕೇಳಲ್ಲ. ಹಳೇ ಯಂತ್ರ ಹೆಸರು ಹೇಳಿ ಒಳಗೆ ಹೋಗ್ತಿತ್ತು, ಹೊಸದು ಬರೀ ನಂಬರು ಹೇಳುತ್ತೆ. ಪೆಟ್ಟಿಗೆ ಲೆಕ್ಕದಲ್ಲಿ ಪಾಕ್ ತುಗಿರಾನ್ ಒಂದನೇ ನಂಬರು. ಹೊಸದ್ರಲ್ಲಿ ಒಂದನೆಯವಳು ರುಮಿಯಾತಿ, ಅದಕ್ಕೇ ಅವರ ಚಿತ್ರ ಎಲ್ಲ ಅವಳದಾಗಿದೆ. ನೆನಪಿಲ್ವಾ? ಯಾರನ್ನ ಮೊದಲು ಸೇರಿಸ್ಲಿ ಅಂತ ಕೇಳಿದ್ರೆ, ನೀವು ಮೊದಲು, ನೀವು ಮೊದಲು ಅಂತ ಮೂರೂ ಜನ ಕೈ ತೋರಿಸ್ತಾನೇ ಇದ್ರಿ. ಸಾಕಾಗಿ ಹತ್ತಿರ ಕೂತಿದ್ದೋಳನ್ನ ಸೇರಿಸ್ದೆ. ನಾಳೆ ಬಂದು ಸರಿಮಾಡ್ತೀನಿ. ಅಲ್ಲೀವರ್ಗೂ ಅವಳ ಹೆಸರಲ್ಲಿ ಕೂತು ತಿದ್ದಿ."

ತುಗಿರಾನನ ಮುಖ ಕೆಂಪಾಯಿತು. "ನನ್ನ ಹಕ್ಕಿ ತಿದ್ದೋಕೆ ನಾನು ಇವಳಾಗ್ಬೇಕಾ? ಅದಕ್ಕಿಂತ ಎದುರು ಪ್ರೆಸ್ಸೇ ವಾಸಿ!"

ಬೆಂಚಿನವನು ಚಪ್ಪಲಿಗೆ ಕಾಲು ತೂರಿಸತೊಡಗಿದ. ಅದನ್ನು ನೋಡಿದ ತುಗಿರಾನ್ ಬಾಗಿಲಿಗೆ ಅಡ್ಡ ನಿಂತ.

"ನಾನೇ ತಿದ್ಲಾ ಪಾಕ್?" ಎಂದು ರುಮಿಯಾತಿ ಅವನ ಕುರ್ಚಿಯಲ್ಲಿ ಕೂತು ಮೌಸಿಗೆ ಕೈ ಹಾಕಿದಳು. ಬಾಣ ಹೆಣ್ಣು ಹಕ್ಕಿಯ ಕತ್ತಿನ ಮೇಲೆ ಓಲಾಡಿತು.

"ಬಿಡು! ಬಿಡು! ಏಳು ಮೇಲೆ!"

ಅವಳು ಗುಟ್ಟಿನ ಪದ ಒತ್ತಿಕೊಟ್ಟಳು. ಪರದೆಯ ತುಂಬ ಗುಲಾಬಿ ಹೂವು. ಸುಸ್ವಾಗತ, ರುಮಿಯಾತಿ ಎಂದಿತು ಯಂತ್ರ. ತುಗಿರಾನ್ ಹಲ್ಲು ಕಚ್ಚಿ ಶನಿವಾರ ಅಳಿಸಿ ಭಾನುವಾರ ಬರೆದ. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು.

"ಮ್ಬಾಕ್ ರುಮಿಯಾತಿ, ಚಹಾ ಕುಡೀತೀರಾ?" ಎಂದು ಬು ಕಸ್ಮಿರಾ ಅವನ ಬೆನ್ನ ಹಿಂದಿನಿಂದ, ಹುಡುಗಿಯರನ್ನು ಕರೆಯುವ ಹಾಗೆ ಅವನನ್ನೇ ಕರೆದರು.

ಅಚ್ಚಿನ ಯಂತ್ರ ತಿರುಗಿ ಓಲೆಗಳು ಬೀಳತೊಡಗಿದ ಮೇಲೆ, ತುಗಿರಾನ್ ಬೆಂಚಿನವನಿಗೆ ಕೇಳಿಸದಂತೆ ರುಮಿಯಾತಿಯ ಕಡೆ ಬಾಗಿದ.

"ತಾಯಿ, ನಿನ್ನೊಳಗಿಂದ ಹೊರಗೆ ಬರೋದು ಹೇಗೆ, ತೋರಿಸು."