ನನ್ನ ತಮ್ಮ ಹದ ಮಾಡಿದ ಅಂಗಿಗಳು

ನನ್ನ ತಮ್ಮ ಸೋಮನಾಥನಿಗೆ ವರ್ಷಕ್ಕೊಂದರಂತೆ ನಾನು ಕೊಟ್ಟ ಹೊಸ ಅಂಗಿಗಳು ಉಡುಗೊರೆಗಳಾಗಿರಲಿಲ್ಲ. ಅವನು ಅವನ್ನು ತೊಟ್ಟು ಕಡಲಿಗೆ ಹೋಗಲಿ, ಉಪ್ಪುನೀರಿನಲ್ಲಿ ನೆನೆಸಲಿ, ಬಿಸಿಲಿನಲ್ಲಿ ಬಣ್ಣ ಇಳಿಸಲಿ, ಬಟ್ಟೆ ಮೆತ್ತಗಾದ ಮೇಲೆ ನನಗೆ ವಾಪಸು ಬರಲಿ — ಅದಕ್ಕಾಗಿ ಕೊಟ್ಟೆ. ಅವನು ಇದನ್ನು ಅಣ್ಣನ ತ್ಯಾಗ ಎಂದು ತಿಳಿದ. ಹಾಗೆ ತಿಳಿದದ್ದು ನನಗೆ ಗೊತ್ತಾಯಿತು, ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದರಿಂದಲೇ ಅವನಿಗೆ ಸಲ್ಲಬೇಕಾದ ನೌಕರಿ ನನಗೆ ಸಿಕ್ಕಿತು. ಇಷ್ಟನ್ನು ಮೊದಲಿಗೇ ಬರೆದುಬಿಟ್ಟಿದ್ದೇನೆ. ಮುಂದೆ ಬರೆಯುತ್ತ ಬರೆಯುತ್ತ ನಾನೇ ನನ್ನ ವಕೀಲನಾಗಿಬಿಡುವ ಭಯ ನನಗಿದೆ.

ಕಾರವಾರದಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಗೂ ನನ್ನ ಉಡುಪು ಗೊತ್ತು. ಮಾಸಿದ ನೀಲಿ ಅಥವಾ ಹಸಿರು ಹತ್ತಿಯ ಅಂಗಿ, ಭುಜದಿಂದ ಒಂದಿಷ್ಟು ಕೆಳಗೆ ಜಾರಿದ ಹೊಲಿಗೆ, ಎರಡೇ ಮಡಿಕೆ ಮಡಚಿದ ತೋಳು, ಇಸ್ತ್ರಿಯ ಗೆರೆ ಇಲ್ಲ. ಕಚೇರಿಯಲ್ಲಿ ಸಾಹೇಬರುಗಳೇ ಕೇಳುತ್ತಿದ್ದರು, ಇದೆಲ್ಲ ಎಲ್ಲಿ ಹೊಲಿಸುತ್ತೀರಿ ಎಂದು. "ಏನಿಲ್ಲ ಸರ್, ಕೈಗೆ ಸಿಕ್ಕಿದ್ದು ಹಾಕ್ಕೊಂಡು ಬಂದೆ" ಎನ್ನುತ್ತಿದ್ದೆ. ಈ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ — ಕನ್ನಡಿಯ ಮುಂದೆಯೂ ಹೇಳಿ ನೋಡಿದ್ದೇನೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ನನಗೆ ಊಟದ ಚಿಂತೆ ಎಂದೂ ಇರಲಿಲ್ಲ, ನೋಟದ್ದೇ ಹುಚ್ಚು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಕಾರವಾರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನವಿಡೀ ಥಾನು ಬಿಚ್ಚುವುದು, ಮಡಚುವುದು. ಮಾಲೀಕರ ಅಪ್ಪಣೆಯಂತೆ ಗಂಜಿ ಹಾಕಿದ ಹೊಸ ಅಂಗಿ ತೊಟ್ಟು ಬಾಗಿಲ ಹತ್ತಿರ ನಿಲ್ಲುವುದು. ಒಂದು ದಿನ ಯಾರೋ ಪ್ರವಾಸಿಗ ಒಳಗೆ ಬಂದ. ಅವನ ಅಂಗಿ ತೊಳೆದು ತೊಳೆದು ಬೆಳ್ಳಗಾಗಿತ್ತು, ಕಾಲರಿನ ತುದಿ ಸವೆದಿತ್ತು. ಆದರೂ ಅಂಗಡಿಯಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಪಕ್ಕದಲ್ಲಿ ನಿಂತ ನಾನು ಕಾಗದದ ರಟ್ಟು ತೆಗೆಯದೆ ಅಂಗಿ ತೊಟ್ಟವನ ಹಾಗಿದ್ದೆ. ಅವತ್ತು ನನಗೊಂದು ಸತ್ಯ ಹೊಳೆಯಿತು. ಹೊಸ ಅಂಗಿ ತೊಟ್ಟವನನ್ನು ಅಂಗಿ ತೊಟ್ಟಿರುತ್ತದೆ, ಹಳೆಯ ಅಂಗಿಯನ್ನು ಮಾತ್ರ ಮನುಷ್ಯ ತೊಡುತ್ತಾನೆ.

ಆದರೆ ಹಳತಾಗುವುದಕ್ಕೆ ವರ್ಷಗಳು ಬೇಕಲ್ಲ. ಸೋಡಾ ಹಾಕಿ ಕುದಿಸಿ ನೋಡಿದೆ, ಅಂಗಿ ತೊನ್ನು ಹತ್ತಿದ ಹಾಗಾಯಿತು. ಕಲ್ಲಿಗೆ ಉಜ್ಜಿ ನೋಡಿದೆ, ಹರಿಯಿತು.

ನಮ್ಮ ಮನೆ ಅಂಕೋಲಾ ತಾಲೂಕಿನ ಬೇಲೆಕೇರಿಯಲ್ಲಿ. ಅಪ್ಪ ಬಲೆ ಬಿಟ್ಟು ಸರಕಾರಿ ಕಚೇರಿಯಲ್ಲಿ ಜವಾನನಾದವ. ತಮ್ಮ ಸೋಮು ಹತ್ತನೇ ಇಯತ್ತೆ ಮುಗಿಸಿ ಮಾಮನ ದೋಣಿ ಹತ್ತಿದ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆಯುತ್ತಾರೆ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಹೊಸ ಹಂಗಾಮು. ಒಂದು ವರ್ಷ ಆ ಪೂಜೆಗೆಂದು ಸೋಮುಗೆ ಅಂಗಡಿಯಿಂದ ಒಂದು ಕಡುನೀಲಿ ಅಂಗಿ ಒಯ್ದೆ. ಅದೊಂದು ಮಾತ್ರ ನಿಜವಾದ ಉಡುಗೊರೆ. ಮೈಗೆ ಬೇರೆ ಅಂಗಿಯೇ ಇಲ್ಲದವನಂತೆ ಅವನು ಹಂಗಾಮು ಪೂರ್ತಿ ಅದನ್ನೇ ತೊಟ್ಟ. ಮುಂದಿನ ಮಳೆಗಾಲದ ಮೊದಲಿಗೆ ನಾನು ಹಟ್ಟಿಕೇರಿಯಲ್ಲಿ ಬಸ್ಸಿಳಿದು ಮನೆಗೆ ನಡೆದು ಬಂದಾಗ ಅವನು ಅಂಗಳದಲ್ಲಿ ನಿಂತಿದ್ದ. ಆ ಅಂಗಿ — ಹೇಗೆ ಹೇಳಲಿ — ಭುಜದ ಮೇಲೆ ಬಿಳಿಚಿ, ಬಗಲಿನಲ್ಲಿ ನೀಲಿಯಾಗಿಯೇ ಉಳಿದು, ಹಾಲಿನ ಕೆನೆಯಷ್ಟು ಮೃದುವಾಗಿತ್ತು. ಬೇಕೆನ್ನಿಸಿತು. ಹೊಟ್ಟೆಗಿಲ್ಲದವನಿಗೆ ಅನ್ನ ಬೇಕೆನ್ನಿಸುವ ಹಾಗೆ.

"ಇದು ಹಳೇದಾಯ್ತು, ನಿಂಗೆ ಬೇಡ. ಇತ್ಲಾಗೆ ಕೊಡು, ನಾನು ಹಾಕ್ಕಂತೆ. ನಿಂಗೆ ಹೊಸದು ತರ್ತೆ" ಅಂದೆ.

ಸೋಮುವಿನ ಕಣ್ಣು ತುಂಬಿತು. ಅವನಿಗೆ ಕೇಳಿಸಿದ್ದು ಬೇರೆ. ತಾನು ಹಳೆಯದು ಹಾಕಿಕೊಂಡು ತಮ್ಮನಿಗೆ ಹೊಸದು ಕೊಡುವ ಅಣ್ಣ ಅವನ ಎದುರಿಗಿದ್ದ. ನಾನು ಅದನ್ನು ಆ ಕ್ಷಣದಲ್ಲೇ ಕಂಡೆ. ಇಲ್ಲ ಮಾರಾಯಾ, ನಂಗೆ ಈ ಬಣ್ಣವೇ ಬೇಕು ಎಂದು ನಕ್ಕು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ದೊಡ್ಡವನಾಗಿ ಕಾಣುವುದು ಚೆಂದದ ಅಂಗಿಗಿಂತಲೂ ಹಿತವಾಗಿತ್ತು.

ಅಂಟುವಾಳದ ನೊರೆಯಲ್ಲಿ ನೆನೆಸಿ, ಬಾವಿನೀರಿನಲ್ಲಿ ನಾಲ್ಕು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿದರೆ ಮೀನಿನ ವಾಸನೆ ಹೋಗುತ್ತದೆ. ಆ ಅಂಗಿ ತೊಟ್ಟು ಕಾರವಾರದ ಪೇಟೆಯಲ್ಲಿ ನಡೆದ ದಿನ ಮೊದಲ ಬಾರಿಗೆ ಜನ ತಿರುಗಿ ನೋಡಿದರು. ಮುಂದಿನ ವರ್ಷದಿಂದ ಇದು ನನ್ನ ಕ್ರಮವಾಯಿತು. ನೂಲ ಹುಣ್ಣಿಮೆಗೆ ಹೊಸ ಅಂಗಿ ಕೊಡುವುದು, ಹಳೆಯದನ್ನು ತೆಗೆದುಕೊಂಡು ಬರುವುದು. ಬಣ್ಣ ಆರಿಸುವಾಗ ಅವನಿಗೆ ಒಪ್ಪುತ್ತದೆಯೇ ಎಂದು ನೋಡಲಿಲ್ಲ, ಒಂದು ಹಂಗಾಮು ಕಳೆದ ಮೇಲೆ ಏನಾಗುತ್ತದೆ ಎಂದು ನೋಡಿದೆ. ಅಳತೆ ಅವನದೇ ಕೊಡುತ್ತಿದ್ದೆ. ಹುಟ್ಟು ಹಾಕುವವನ ಭುಜ ಅಗಲ, ಆದ್ದರಿಂದ ನನ್ನ ಮೇಲೆ ಅಂಗಿ ಸಡಿಲವಾಗಿ ಜಾರುತ್ತಿತ್ತು. ಜನ ಅದನ್ನು ಸ್ಟೈಲು ಅಂದರು. ತೋಳನ್ನು ಎರಡೇ ಮಡಿಕೆ ಮಡಚಬೇಕೆಂದೂ ಅವನಿಗೆ ನಾನೇ ಹೇಳಿದ್ದೆ, ಗೆರೆ ಸರಿಯಾದ ಜಾಗದಲ್ಲಿ ಕೂರಲಿ ಎಂದು. ಅಣ್ಣ ಹೇಳಿದ್ದಾನೆಂದು ಅವನು ನಡುಸಮುದ್ರದಲ್ಲೂ ಹಾಗೆಯೇ ಮಡಚುತ್ತಿದ್ದ. ಇದನ್ನು ಮಾಮ ನಗುತ್ತ ಹೇಳಿದಾಗ ನಾನೂ ನಕ್ಕಿದ್ದೆ.

ಇಲ್ಲಿಗೇ ನಿಂತಿದ್ದರೆ ಇದು ಒಬ್ಬ ಶೋಕಿಲಾಲನ ಚೇಷ್ಟೆ, ಅಷ್ಟೆ.

ಅಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡ. ಮಕ್ಕಳಲ್ಲಿ ಒಬ್ಬನಿಗೆ ಅನುಕಂಪದ ಮೇಲೆ ನೌಕರಿ ಸಿಗುವುದಿತ್ತು, ಇನ್ನೊಬ್ಬ ತನ್ನ ತಕರಾರಿಲ್ಲ ಎಂದು ಬರೆದುಕೊಡಬೇಕು. ಹದಿಮೂರನೆಯ ದಿನ ಕಳೆದು ಜಗಲಿಯ ಮೇಲೆ ಕೂತಿದ್ದೆವು. ಆಯಿ, ನಮ್ಮ ತಾಯಿ, ಮೊದಲೇ ನಿರ್ಧರಿಸಿದ್ದಳು.

"ಸೋಮುಗೆ ಆಗ್ಲಿ. ನಿಂಗೆ ಅಂಗಡಿ ಅದೆ. ಅಂವ ದರಿಯಾದ ಮೇಲೆ ಹೋದ ದಿನ ನಂಗೆ ಗಂಟಲಲ್ಲಿ ಅನ್ನ ಇಳಿಯೂದಿಲ್ಲ."

ಅದು ನ್ಯಾಯವಾಗಿತ್ತು. ನ್ಯಾಯ ಎಂದು ನನಗೂ ಗೊತ್ತಿತ್ತು. ಆದರೆ ಅಂಗಡಿಯ ಬಾಗಿಲಲ್ಲಿ ನಿಂತು ನಿಂತು ನನಗೆ ಸಾಕಾಗಿತ್ತು — ಹೌದು, ಬೇಕಿತ್ತು ನನಗೆ ಆ ನೌಕರಿ. ಆಗ ಸೋಮು ಆಯಿಯ ಕೈ ಹಿಡಿದುಕೊಂಡು ಹೇಳಿದ:

"ಬೇಡ ಆಯಿ. ದಾದಾ ಇಷ್ಟ್ ವರ್ಷ ನಂಗೆ ಹೊಸದು ಕೊಟ್ಟು ತಾನು ನನ್ನ ಹಳೇದು ಹಾಕ್ದವ. ಇದೊಂದ್ ಸಲ ಹೊಸದು ಅಂವನೇ ಹಾಕ್ಲಿ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು, ದೇವರ ಕೋಣೆಯ ಕಡೆ ನೋಡುವ ಹಾಗೆ. ಸತ್ಯ ಹೇಳಲು ಅದೇ ಸಮಯ. ನಾನು ಬಾಯಿ ತೆರೆದೆ ಕೂಡ. ತೆರೆದು ಏನು ಹೇಳಿದೆ ಗೊತ್ತೇ? "ನೋಡ್ವಾ ಸೋಮು, ನಿಂಗೆ ಮನಸ್ಸಿದ್ರೆ ಮಾತ್ರ." ತಲೆ ತಗ್ಗಿಸಿ, ಮೆಲ್ಲನೆಯ ದನಿಯಲ್ಲಿ. ಅಂಗಿಯಷ್ಟೇ ಸಲೀಸಾಗಿ ಆ ವಿನಯವನ್ನೂ ತೊಟ್ಟುಕೊಂಡೆ.

ಅವನು ಸಹಿ ಹಾಕಿದ. ನಾನು ಕಾರವಾರದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತೆ, ಬಡ್ತಿ ಪಡೆದು ಗುಮಾಸ್ತನಾದೆ, ಹೋದ ವರ್ಷ ನಿವೃತ್ತನಾದೆ. ಸೋಮು ಈಗಲೂ ಟ್ರಾಲರಿಗೆ ಹೋಗುತ್ತಾನೆ. ಹಗ್ಗ ಎಳೆಯುವಾಗ ರಾಟೆಗೆ ಸಿಕ್ಕಿದ ಅವನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನೌಕರಿ ಸಿಕ್ಕ ಮೇಲಾದರೂ ಅಂಗಿಯ ವ್ಯವಹಾರ ನಿಲ್ಲಿಸಿದೆನೇ? ಇಲ್ಲ. ಆ ಬೆರಳುಗಳಿಂದ ಗುಂಡಿ ಹಾಕಿಕೊಳ್ಳಲು ಅವನು ಒದ್ದಾಡುವುದನ್ನು ಕಂಡ ವರ್ಷವೂ ಹೊಸ ಅಂಗಿ ಒಯ್ದಿದ್ದೆ.

ಈಗ ಯಾಕೆ ಹೇಳುತ್ತಿದ್ದೇನೆ? ಸೋಮುವಿನ ಮಗಳು ಸ್ನೇಹಾ ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡುತ್ತಾಳೆ. ಹೋದ ತಿಂಗಳು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, "ದೊಡ್ಡಪ್ಪಾ, ಕಾರವಾರದಾಗೆ ನಿಮ್ಮಷ್ಟು ಕೂಲ್ ಯಾರೂ ಇಲ್ಲ. ಗುಟ್ಟು ಎಂತಾ ಹೇಳಿ" ಅಂದಳು. ನಾನು ಉತ್ತರಿಸುವ ಮೊದಲೇ ಸೋಮು ಮುಂದೆ ಬಂದ. ಮೊಬೈಲು ನೋಡುತ್ತ, ಅಭಿಮಾನದಿಂದ, ಹೊಸ ಅಂಗಿ–ಹಳೆ ಅಂಗಿಯ ಕಥೆ ಪೂರ್ತಿ ಹೇಳಿದ. ಹುಡುಗಿ ಅತ್ತಳು. ನಾನು ಎರಡೇ ಮಡಿಕೆಯ ತೋಳಿನಲ್ಲಿ ಕೈಕಟ್ಟಿ ನಿಂತಿದ್ದೆ.

ನನ್ನ ಸುಳ್ಳು ಇನ್ನೊಂದು ತಲೆಮಾರಿಗೆ ದಾಟುವುದನ್ನು ಕಣ್ಣಾರೆ ಕಂಡೆ. "ಅದನ್ನ ಯಾರಿಗೂ ಕಳಿಸ್ಬೇಡ" ಎಂದಷ್ಟೇ ಅವಳಿಗೆ ಹೇಳಿ ಬಂದೆ. ಸಂಕೋಚ ಎಂದುಕೊಂಡರು. ಅದೂ ನನ್ನ ಲೆಕ್ಕಕ್ಕೆ ದೊಡ್ಡತನವಾಗಿಯೇ ಸೇರಿತು. ಏನು ಮಾಡಿದರೂ ಒಳ್ಳೆಯವನೇ ಆಗಿಬಿಡುವ ಈ ಶಿಕ್ಷೆ ಸಾಕೆನ್ನಿಸಿತು.

ಮೊನ್ನೆ ಬೆಳಿಗ್ಗೆ ಬೇಲೆಕೇರಿಗೆ ಹೋದೆ. ಸೋಮು ಅಂಗಳದಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ. ಎದುರು ಕೂತು ಎಲ್ಲ ಹೇಳಿದೆ. ಮೊದಲ ಅಂಗಿಯಿಂದ ಆ ಸಹಿಯವರೆಗೆ, ಬಿಡದೆ. ಅವನು ಕೈ ನಿಲ್ಲಿಸಲಿಲ್ಲ. ಒಂದು ಗಂಟು ಬಿಗಿದು ಕೇಳಿದ:

"ನನ್ನ ಮದುವೆಗೆ ಹಳದಿ ಅಂಗಿ ಬೇಕು ಅಂದಿದ್ದೆ. ಹಳದಿ ನಿಂಗೆ ಒಪ್ಪೂದಿಲ್ಲ ಅಂದೆ ನೀನು. ಅದೂ ಇದಕ್ಕೇಯಾ?"

"ಹೌದು" ಅಂದೆ. ಹಳದಿ ಮಾಸಿದರೆ ಚೆನ್ನಾಗಿ ಕಾಣುವುದಿಲ್ಲ.

ಆಗ ಅವನು ಸೂಜಿ ಕೆಳಗಿಟ್ಟ. "ಹಂಗಾರೆ ನಾ ಸಹಿ ಹಾಕಿ ಕೊಟ್ಟದ್ದು ಯಾರಿಗೆ, ದಾದಾ?"

ಕ್ಷಮಿಸು ಎನ್ನಲು ಹೊರಟೆ, ಆದರೆ ಅವನು ಕ್ಷಮಿಸಿಯೂ ಬಿಡುತ್ತಾನೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಏನಾದರೂ ಕೊಡುತ್ತೇನೆ ಎನ್ನಲೂ ನಾಲಗೆ ಏಳಲಿಲ್ಲ. ನಾನು ಏನು ಕೊಟ್ಟರೂ ಅದು ಮತ್ತೊಂದು ಹೊಸ ಅಂಗಿಯೇ ಆಗುತ್ತದೆ.

ಅವನೇ ಹೇಳಿದ, ದನಿ ಏರಿಸದೆ: "ಎದ್ರಿಗೆ ಬಂದು ಹೇಳ್ದೆ, ಅದಾಯ್ತು. ಆದ್ರೆ ನಾ ಊರೆಲ್ಲ ಹೇಳ್ಕಂಡು ತಿರುಗಿದ್ದೆ ಅಲಾ? ಅವ್ರಿಗೆಲ್ಲ ನಾ ಮತ್ತೆ ಹೋಗಿ ಹೇಳೂದಿಲ್ಲ. ನೀನೇ ಹೇಳು." ಆಮೇಲೆ ಒಬ್ಬೊಬ್ಬರನ್ನೇ ಎಣಿಸಿದ. ಮಾಮ. ಟ್ರಾಲರಿನವರು. ಹೆಂಡತಿಯ ತವರು ಚೆಂಡಿಯಾದ ಮಾವ, ಭಾವಂದಿರು. ಸ್ನೇಹಾ. ಕೊನೆಗೆ, "ಆಯಿಗೂ ಹೇಳಿದ್ದೆ. ಆಸ್ಪತ್ರೆಯಾಗೆ, ಕಡೇ ದಿನ. ದಾದಾ ಇದ್ದಾ, ನೀ ಹೆದ್ರಬೇಡ ಅಂತ" ಅಂದ. ಮತ್ತೆ ಬಲೆ ಎತ್ತಿಕೊಂಡ, ನನ್ನ ಕಡೆ ನೋಡಲಿಲ್ಲ.

ಅಂದೇ ಮಾಮನಿಗೆ ಹೇಳಿದೆ. ಹಾಸಿಗೆ ಹಿಡಿದಿರುವ ಅವರು ಗೋಡೆಯ ಕಡೆ ಮಗ್ಗುಲಾದರು. ನಿನ್ನೆ ಬಂದರಿಗೆ ಹೋಗಿ ಟ್ರಾಲರಿನವರಿಗೆ ಹೇಳಿದೆ. ಒಬ್ಬ ಉಗುಳಿದ, ಒಬ್ಬ ನಕ್ಕ, ಇನ್ನೊಬ್ಬ ಚಹಾ ತರಿಸಿದ. ನಾಳೆ ಚೆಂಡಿಯಾ. ಭಾನುವಾರ ಸ್ನೇಹಾಳ ಮುಂದೆ ಕೂರುತ್ತೇನೆ, ಅವಳು ಮೊಬೈಲು ಹಿಡಿದರೂ ಸರಿ, ಹಿಡಿಯದಿದ್ದರೂ ಸರಿ. ಅವನು ಹೇಳಿದ ಪಟ್ಟಿಯಲ್ಲಿ ಒಬ್ಬರನ್ನೂ ಬಿಡುವುದಿಲ್ಲ. ಆಯಿಯ ಹೆಸರು ಮಾತ್ರ ಉಳಿಯುತ್ತದೆ, ಅವಳಿಗೆ ಹೇಳಲು ನನಗೆ ಮೂವತ್ತು ವರ್ಷ ಸಮಯವಿತ್ತು.