ಶಿವಶಂಕರ್ ಮೇಷ್ಟ್ರ ಬಲಗಾಲು

ಹುಣಸೂರಿನ ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ಜರ್ಮನ್ ಭಾಷೆಯನ್ನೂ ಮಾರಬಹುದು ಎಂದು ಮೊದಲು ಕಂಡುಕೊಂಡವನು ಭೇರ್ಯದ ಶಿವಶಂಕರ್. ನರ್ಸಿಂಗ್ ಓದಿದವರಿಗೆ ಆ ದೇಶದ ಆಸ್ಪತ್ರೆಗಳಲ್ಲಿ ಕೆಲಸವಿದೆ, ಭಾಷೆಯೊಂದು ಬಂದರೆ ಸಾಕು ಎಂಬ ಸುದ್ದಿ ಹಬ್ಬಿದಾಗ, ಮೈಸೂರಿಗೆ ಹೋಗಿ ಮೊದಲ ಹಂತದ ಪರೀಕ್ಷೆ ಪಾಸು ಮಾಡಿ ಬಂದು ಬೋರ್ಡು ಬರೆಸಿಬಿಟ್ಟ. ಮುಂದಿನ ಹಂತಗಳನ್ನೂ ಕಲಿಯಬೇಕೆಂದುಕೊಂಡಿದ್ದ. ಇರುವುದೇ ಮಾರಿಹೋಗುತ್ತಿರುವಾಗ ಹೊಸ ಸರಕು ತರಿಸುವ ತುರ್ತು ಯಾರಿಗಿರುತ್ತದೆ? ಮೊದಲ ಪಾಠಗಳನ್ನು ಚೆನ್ನಾಗಿಯೇ ಹೇಳಿಕೊಡುತ್ತಿದ್ದ. ಅದರಾಚೆ ಕೇಳಿದವರಿಗೆ, "ಅದನ್ನ ನಾಳೆ ನೋಡಾಣ" ಎನ್ನುತ್ತಿದ್ದ. ಬಹಳ ಜನ ಆ ನಾಳೆಯವರೆಗೆ ಉಳಿಯುತ್ತಿರಲಿಲ್ಲ.

ಉಳಿದವಳು ಎನ್. ಬೇಗೂರಿನ ಕಾಡಂಚಿನ ಗಿರಿಜನರ ಹಾಡಿಯ ಪ್ರೇಮಾ. ನರ್ಸಿಂಗ್ ಮುಗಿಸಿದವಳು. ಮೇಷ್ಟ್ರು ನಿಲ್ಲಿಸಿದ ಕಡೆಯಿಂದ, ಫೋನಿನಲ್ಲಿ ಪುಕ್ಕಟೆ ಸಿಗುವ ಪಾಠ ಹಿಡಿದು ಮುಂದಕ್ಕೆ ಹೋಗಿಬಿಟ್ಟಳು. ಹಾಡಿಯಲ್ಲಿ ಸಿಗ್ನಲ್ ಸಾಲದು. ಹಾಗಾಗಿ ಜರ್ಮನಿಯ ಆಸ್ಪತ್ರೆಯೊಂದು ವಿಡಿಯೊ ಸಂದರ್ಶನಕ್ಕೆ ಕರೆದಾಗ ಮೇಷ್ಟ್ರ ಕಂಪ್ಯೂಟರ್ ಮುಂದೆಯೇ ಬಂದು ಕೂತಳು. ಅವಳ ಅವ್ವ ಜವರಿ ಬಾಗಿಲ ಬಳಿ ಕೂತಳು. ಶಿವಶಂಕರ್ ಇಸ್ತ್ರಿ ಅಂಗಿ ತೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತ, ಪ್ರೇಮಾ ತನ್ನ ಅಂಗಡಿಯದೇ ಸರಕು ಎಂಬಂತೆ.

ಪರದೆಯ ಮೇಲಿನ ಹೆಂಗಸು ಕೇಳಿದ್ದಕ್ಕೆಲ್ಲ ಪ್ರೇಮಾ ಉತ್ತರ ಕೊಟ್ಟಳು. ಶಿವಶಂಕರ್ ಎಲ್ಲ ಅರ್ಥವಾದವನಂತೆ ತಲೆಯಾಡಿಸುತ್ತಿದ್ದ. ಅಷ್ಟರಲ್ಲಿ ಆಕೆ ನಕ್ಕು, ಅವನ ಕಡೆ ಕೈ ತೋರಿಸಿ ಏನೋ ಕೇಳಿದಳು. ಅದರಲ್ಲಿ ಮೇಷ್ಟ್ರು ಎಂಬರ್ಥದ ಒಂದು ಪದ ಅವನಿಗೆ ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ಬಾಯಿ ಬಿಟ್ಟರೆ ಬಣ್ಣ ಬಯಲಾಗುತ್ತಿತ್ತು. ಮೇಜಿನ ಕೆಳಗೆ ಇಂಟರ್ನೆಟ್ ಪೆಟ್ಟಿಗೆಯ ವೈರಿತ್ತು. ಬಲಗಾಲಿನ ಹೆಬ್ಬೆರಳು ಅದನ್ನು ಎಳೆದೇಬಿಟ್ಟಿತು.

"ನೆಟ್‌ವರ್ಕ್ ಹೋಯ್ತು ಕಣಮ್ಮ," ಎಂದ. "ಈ ಊರಿಂದು ಯಾವಾಗ್ಲೂ ಇದೇ ಗೋಳು."

"ಇನ್ನೂ ಮುಗ್ದಿರ್ಲಿಲ್ಲ ಸಾರ್. ಬೇಗ ವಾಪಸ್ ಹೋಗ್ದಿದ್ರೆ ಬೇರೆಯೋರ್ನ ಕರ್ಕೋತಾರೆ."

ಜವರಿ ಎದ್ದು ಬಂದಳು. "ನೀನೇ ಏನೋ ಒತ್ಬಾರದ್ದು ಒತ್ತಿರ್ತೀಯ ಕಣೆ. ಪಕ್ಕದಲ್ಲೇ ಮೇಷ್ಟ್ರು ಕೂತವ್ರೆ, ಒಂದು ಮಾತು ಕೇಳ್ಬಾರ್ದಾ? ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ, ಮಗ ಇನ್ನೂ ಕಲೀತಾ ಅದೆ."

ಪ್ರೇಮಾ ತಲೆ ತಗ್ಗಿಸಿ, ಮೇಜಿನ ಕೆಳಗೆ ನೋಡುತ್ತ ಬೈಸಿಕೊಂಡಳು. ಆ ಬೈಗುಳ ತನ್ನ ಮೇಲೆ ಬಂದಿದ್ದರೆ ಶಿವಶಂಕರ್ ಬಳಿ ಉತ್ತರವಿರುತ್ತಿತ್ತು. ಅವನ ಬಾಯಿ ಅದಕ್ಕೆ ಪಳಗಿತ್ತು. ಮೇಜಿನ ಕೆಳಗೆ ತೂರಿ ವೈರು ಸಿಕ್ಕಿಸಿದ. ತಕ್ಷಣ ಹೊರಗೆ ಬರಲಿಲ್ಲ. ಮುಖ ಇಟ್ಟುಕೊಳ್ಳಲು ಅಲ್ಲೇ ವಾಸಿ ಎನಿಸಿತು.

ಪುಣ್ಯಕ್ಕೆ ಆ ಹೆಂಗಸು ಕಾದಿದ್ದಳು. ಮತ್ತೆ ಅವನನ್ನೇ ಕೇಳಿದಳು. ಈ ಸಲ ಅವನು, ಪ್ರತಿ ತಂಡಕ್ಕೂ ತಾನೇ ಬಾಯಿಪಾಠ ಮಾಡಿಸುತ್ತಿದ್ದ ವಾಕ್ಯವನ್ನು ಹೇಳಿದ: ನನಗೆ ಜರ್ಮನ್ ಸ್ವಲ್ಪ ಮಾತ್ರ ಬರುತ್ತದೆ. ಉಚ್ಚಾರಣೆಯೇನೋ ಚೊಕ್ಕವಾಗಿತ್ತು. ಆಕೆ ಇನ್ನೇನೋ ಹೇಳಿದಳು. ಪ್ರೇಮಾ ಅವನ ಮುಖ ನೋಡದೆ ಕನ್ನಡದಲ್ಲಿ ಹೇಳಿದಳು.

"ಮೇಷ್ಟ್ರುಗಳಿಗೆ ಅಂತ್ಲೇ ಪುಕ್ಕಟೆ ಆನ್‌ಲೈನ್ ಕ್ಲಾಸ್ ಅವೆಯಂತೆ ಸಾರ್. ಸೇರ್ಕೊಳ್ಳಿ ಅಂತಾವ್ರೆ."

ಸಂದರ್ಶನ ಮುಗಿಯಿತು. ಪ್ರೇಮಾಳನ್ನು ಮುಂದಿನ ಸುತ್ತಿಗೆ ಕರೆದರು. ಜವರಿ ಕಣ್ಣೊರೆಸಿಕೊಂಡು, "ನೀವು ಕೈ ಆಕಿದ್ಕೇ ಸರಿಹೋಯ್ತು ಮೇಷ್ಟ್ರೇ" ಎನ್ನುತ್ತ ಅವನ ಕಾಲು ಮುಟ್ಟಲು ಬಗ್ಗಿದಳು.

"ಎಡಗಾಲು ಮುಟ್ಟವ್ವ," ಎಂದಳು ಪ್ರೇಮಾ, ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಬಲಗಾಲು ಬ್ಯಾಡ."

ಶಿವಶಂಕರ್ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.